ಹೊಟ್ಟಿನ ಬೂದಿಯೂ ಅಕ್ಕನ ಉಸಿರೂ

ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಬೇಯಿಸುವುದಿರಲಿ, ಆ ಹೆಸರನ್ನೂ ನಮ್ಮ ಅತ್ತೆಯ ಮುಂದೆ ಎತ್ತುವ ಧೈರ್ಯ ಯಾರಿಗೂ ಇಲ್ಲ. ಅವರು ಲಿಂಗಪೂಜೆ ಮುಗಿಯುವ ತನಕ ಗುಟುಕು ನೀರನ್ನೂ ಮುಟ್ಟದ ಜೀವ. ಅಂಥ ಮನೆಯ ಬಾಗಿಲಲ್ಲಿ ನಿಂತು ನಮ್ಮ ಹಾಲಿನವನು ಮೂಗಿಗೆ ಟವೆಲ್ ಒತ್ತಿಕೊಂಡು, "ಅಮ್ಮಾರೆ, ಮನ್ಯಾಗೆ ಮೀನು ಮಾಡೀರೇನ್ರಿ?" ಎಂದು ಕೇಳಿದರೆ ಏನಾಗಬೇಕು, ನೀವೇ ಹೇಳಿ. ಅತ್ತೆ ಅವನ ಕೈಯಿಂದ ಹಾಲಿನ ಪಾತ್ರೆಯನ್ನು ಇಸಿದುಕೊಂಡವರು ಬಾಗಿಲು ಹಾಕಿ, ತಂತಿಯ ಮೇಲೆ ತೂಗುತ್ತಿದ್ದ ನನ್ನ ಕಾಟನ್ ಸೀರೆಯನ್ನು ಕೋಲಿನ ತುದಿಯಿಂದ ಎತ್ತಿ, ಸತ್ತ ಹಾವನ್ನು ಹೊರಹಾಕುವಂತೆ ಹಿತ್ತಿಲಿಗೆ ಹಾಕಿದರು. ಆ ವಾಸನೆ ಮೀನಿನದಲ್ಲ, ಅಮೀನ್ ಎಂಬ ರಾಸಾಯನಿಕದ್ದು, ಕಾಲೇಜಿನ ಪ್ರಯೋಗಶಾಲೆಯಲ್ಲಿ ನನ್ನ ಸೆರಗಿಗೆ ಅಂಟಿದ್ದು ಎಂದು ನಾನು ವಿವರಿಸಿದೆ. "ಮೀನು ಅನ್ನು, ಅಮೀನ್ ಅನ್ನು, ನಾತ ಒಂದೇ ಅಲ್ಲೇನೇ?" ಎಂದರು. ರಸಾಯನಶಾಸ್ತ್ರವನ್ನು ಇಷ್ಟು ವರ್ಷ ಕಲಿಸಿದ ನಾನು ಹಿತ್ತಿಲಿಗೆ ಹೋಗಿ ಸೀರೆಯನ್ನು ಸೋಪಿನ ನೀರಿಗೆ ಅದ್ದಿದೆ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳು. ಪಾಠ ಹೇಳಿ ಮನೆಗೆ ಬಂದು ಹಾಯಾಗಿ ಇರಬಹುದಿತ್ತು. ಅದು ಬಿಟ್ಟು, ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಪುಡಿ ಮಾಡುತ್ತೇನೆಂದು ಹೊರಟೆ. ಹುಚ್ಚು ಅಂದುಕೊಳ್ಳಬೇಡಿ, ಒಂದು ಕ್ಷಣ ಕೇಳಿ. ಭತ್ತದ ಪೈರು ಬೇರಿನಿಂದ ನೀರು ಹೀರುವಾಗ ಅದರ ಜೊತೆಗೆ ಮಣ್ಣಿನಲ್ಲಿ ಕರಗಿದ ಸಿಲಿಕಾವನ್ನೂ, ಅಂದರೆ ಮರಳಿನ ಸತ್ವವನ್ನೂ, ಹೀರಿ ತಂದು ಕಾಳಿನ ಮೇಲಿನ ಹೊಟ್ಟಿನಲ್ಲಿ ಕವಚದ ಹಾಗೆ ಹೆಣೆದಿಡುತ್ತದೆ. ದನ ಹುಲ್ಲು ಮೇಯುತ್ತದೆ, ತೌಡು ನೆಕ್ಕುತ್ತದೆ, ಹೊಟ್ಟನ್ನು ಮಾತ್ರ ಮೂಸಿ ಮುಖ ತಿರುಗಿಸುವುದು ಅದಕ್ಕೇ. ಆ ಹೊಟ್ಟನ್ನು ಗಿರಣಿಯವರು ಬಾಯ್ಲರಿಗೆ ಹಾಕಿ ಉರಿಸಿದಾಗ ಉಳಿದುದೆಲ್ಲ ಹೊಗೆಯಾಗಿ, ಸಿಲಿಕಾ ಬೂದಿಯಾಗಿ ಕೂರುತ್ತದೆ. ಅದನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿ, ಸೋಸಿ, ಆಮ್ಲವನ್ನು ಹನಿಹನಿಯಾಗಿ ಬಿಟ್ಟರೆ ಗಂಜಿಯಂತೆ ಗಟ್ಟಿಕಟ್ಟುತ್ತದೆ. ತೊಳೆದು ಒಣಗಿಸಿದರೆ ನಮ್ಮೂರಿನ ಮಂಡಕ್ಕಿಯಂತೆ ಒಳಗೆಲ್ಲ ಪೊಳ್ಳಾದ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಬಿಳಿ ಪುಡಿ. ಆ ತೂತುಗಳ ಒಳಗೋಡೆಗೆ ಅಮೀನನ್ನು ಲೇಪಿಸಿದರೆ, ಹಾದುಹೋಗುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಮಾತ್ರ ಅದು ಸೆರಗು ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಸ್ವಲ್ಪ ಬಿಸಿ ಮಾಡಿದರೆ ಬಿಟ್ಟುಕೊಟ್ಟು ಮತ್ತೆ ಹಿಡಿಯಲು ಸಿದ್ಧವಾಗುತ್ತದೆ. ಕಸವೇ ಕಾವಲುಗಾರನಾಗುವುದು ಎಷ್ಟು ಚೆಂದದ ಕಲ್ಪನೆ ಅಲ್ಲವೆ?

ಕಲ್ಪನೆ ಚೆಂದವೇ. ಕೆಲಸ ಮಾತ್ರ ದೇವರಿಗೇ ಪ್ರೀತಿ. ಒಣಗಿಸುವ ಒಲೆಯಲ್ಲಿ ಪುಡಿಯಿಟ್ಟು ಬಾಗಿಲು ಹಾಕಿದ ಕೂಡಲೇ ಕರೆಂಟು ಹೋಗುತ್ತದೆ, ತಂದ ಬೂದಿ ಅರೆಬೆಂದು ಕಪ್ಪಾಗಿರುತ್ತದೆ, ಸೋಸುವ ಕಾಗದ ಮುಗಿದಿರುತ್ತದೆ. ಪ್ರಾಂಶುಪಾಲರು ಬಾಗಿಲಲ್ಲಿ ಇಣುಕಿ, "ಮೇಡಂ, ಇದು ಪೇಪರಿನಲ್ಲಿ ಯಾವಾಗ ಬರುತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕುಟುಕುತ್ತಿದ್ದದ್ದು ನನ್ನದೇ ತಲೆ: ನೀನು ತಿಂಗಳುಗಟ್ಟಲೆ ಕೂತು ಮಾಡುವ ಬೊಗಸೆ ಪುಡಿ ಆ ಬಾಯ್ಲರು ಒಂದು ಸಲ ಸೀನುವ ಹೊಗೆಗೂ ಸಾಲದಲ್ಲವೆ, ಮಾರಾಯ್ತಿ? ಸಾಲದು, ನಿಜ. ಆದರೂ ಬೊಗಸೆಯಲ್ಲಿ ಆಗದಿದ್ದದ್ದು ಬಂಡಿಯಲ್ಲಿ ಆಗುವುದು ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಮತ್ತೆ ಬೂದಿ ಕುದಿಸುತ್ತಿದ್ದೆ.

ಬೂದಿ ಬರುತ್ತಿದ್ದದ್ದು ಭಾವನ ಗಿರಣಿಯಿಂದ. ನನ್ನ ಅಕ್ಕ ಶಾಂತಕ್ಕನನ್ನು ಕೊಟ್ಟ ಮನೆ ಹರಿಹರದ ಹೊರಗೆ, ಹೊಳೆಗೆ ಹೋಗುವ ದಾರಿಯಲ್ಲಿ; ಮುಂದೆ ಮನೆ, ಹಿಂದೆ ಗಿರಣಿ, ಎರಡಕ್ಕೂ ಸೇರಿ ಒಂದೇ ಕಾಂಪೌಂಡು. ಭಾವ ಒಳ್ಳೆಯ ಮನುಷ್ಯ. ಜೋರು ಮಾತು, ಜೋರು ನಗು, ಬಂದವರಿಗೆ ಉಣ್ಣಿಸದೆ ಕಳಿಸದ ಕೈ. ನಾನು ಮೊದಲ ಸಲ ಒಂದು ಚೀಲ ಬೂದಿ ಬೇಕೆಂದಾಗ, "ಬೂದಿ ಕೇಳಾಕ ಬಂದೀ ಏನಮ್ಮ ಗಿರಿಜಾ? ಲೋಡುಗಟ್ಟಲೆ ಐತೆ, ಒಯ್ಯಿ" ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ಆಗೆಲ್ಲ ಗಿರಣಿಯ ಬೂದಿಯನ್ನು ಇಟ್ಟಿಗೆ ಭಟ್ಟಿಯವರು ಬಂದು ಒಯ್ಯುತ್ತಿದ್ದರು. ಅಂಗಳದ ಮೂಲೆಯಲ್ಲಿ ಇದ್ದರೂ ಮೊಣಕಾಲುದ್ದ ಇರುತ್ತಿತ್ತು, ಅಷ್ಟೇ.

ನಾನು ಮಾಡಿದ ಅನಾಹುತವೆಂದರೆ ಒಂದು ದಿನ ಊಟಕ್ಕೆ ಕೂತಾಗ ಭಾವನಿಗೆ ಸಿಲಿಕಾದ ಬಗ್ಗೆ ವಿವರಿಸಿದ್ದು. ಫೋನಿನ ಒಳಗಿರುವ ಸಿಲಿಕಾನ್ ಸಹ ಇದೇ ಸಿಲಿಕಾದಿಂದ ಬರುವುದು ಎಂದು ಬಾಯಿತಪ್ಪಿ ಹೇಳಿದೆ. ಅವರು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟು, ಜೇಬಿನಿಂದ ಫೋನು ತೆಗೆದು ಅದರ ಬೆನ್ನನ್ನು ಸವರಿ ನೋಡಿದರು. "ಅಂದ್ರೆ ನಾನು ಇಷ್ಟು ವರ್ಷ ಇಟ್ಟಂಗಿಯವ್ರಿಗೆ ಸುಮ್ನೆ ಚಿನ್ನ ಎತ್ತಿ ಕೊಟ್ಟೀನಿ ಅನ್ನು." ಹಾಗಲ್ಲ ಭಾವ, ಬೂದಿಯಿಂದ ಫೋನಿನವರೆಗೆ ಬಹಳ ದೂರವಿದೆ, ನನ್ನ ಪುಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಎಷ್ಟು ಹೇಳಿದರೇನು? ಮನುಷ್ಯನಿಗೆ ಚಿನ್ನ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನ ಮಾತು ಕೇಳಿಸುವುದಿಲ್ಲ. ಅಂದಿನಿಂದ ಇಟ್ಟಿಗೆಯವರ ಟ್ರ್ಯಾಕ್ಟರು ಗೇಟಿನಿಂದಲೇ ವಾಪಸಾಗತೊಡಗಿತು. ಬೂದಿ ಮೊಣಕಾಲು ದಾಟಿತು, ಸೊಂಟ ದಾಟಿತು, ಕಾಂಪೌಂಡು ಗೋಡೆ ದಾಟಿ ಆಚೆಯ ಓಣಿಯನ್ನು ಇಣುಕಿ ನೋಡತೊಡಗಿತು.

ಪರೀಕ್ಷೆಗಳ ಗಡಿಬಿಡಿಯಲ್ಲಿ ನಾನು ಕೆಲವು ತಿಂಗಳು ಹರಿಹರದ ಕಡೆ ಹೋಗಿರಲಿಲ್ಲ. ಫೋನಿನಲ್ಲಿ ಅಕ್ಕನ ಮಾತಿಗಿಂತ ಅಕ್ಕನ ಕೆಮ್ಮೇ ಹೆಚ್ಚು ಕೇಳಿಸುತ್ತಿತ್ತು. ಡಾಕ್ಟರಿಗೆ ತೋರಿಸೆಂದರೆ, "ಗಿರಣಿ ಮನೆ ಅಂದಮೇಲೆ ಕೆಮ್ಮು ಇದ್ದದ್ದೇ ಬಿಡೇ" ಎನ್ನುವಳು. ಯುಗಾದಿಗೆ ಮುಂಚಿನ ಒಂದು ಭಾನುವಾರ ಹೊಸ ಚೀಲ ಬೂದಿ ತರಲೆಂದು ಬಸ್ಸು ಹತ್ತಿದೆ. ಗೇಟು ದಾಟುತ್ತಲೇ ಗುಡ್ಡೆ ಕಂಡಿತು. ಗುಡ್ಡೆಯ ನೆತ್ತಿಯಿಂದ ಗಾಳಿಗೆ ಬೂದಿ ಹೊಗೆಯ ಹಾಗೆ ಏಳುತ್ತಿತ್ತು. ಅದರ ಮುಂದೆ ಸಿಮೆಂಟಿನಲ್ಲಿ ನೆಟ್ಟ ದೊಡ್ಡ ಬೋರ್ಡು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: "ವೈಜ್ಞಾನಿಕ ಸಂಶೋಧನೆಗಾಗಿ ಕಾಯ್ದಿರಿಸಿದೆ. ಯಾರೂ ಮುಟ್ಟಬಾರದು." ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ನನಗೆ ಇನ್ನೂ ಬಂದಿರದ ಪದವಿ.

ಭಾವ ಬೀಗುತ್ತ ಬಂದು, "ಹೆಂಗೈತೆ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ಗೇಟಿನಲ್ಲಿ ಗದ್ದಲವಾಯಿತು. ಹಿಂದಿನ ಓಣಿಯ ಹೆಂಗಸರು. ಮುಂದೆ ಬಂದವಳ ಹೆಸರು ಹಾಲಮ್ಮ ಎಂದು ಆಮೇಲೆ ತಿಳಿಯಿತು. ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ ಮಾಡಿ ಮಾರಿ ವರ್ಷದ ಸಂಸಾರ ತೂಗಿಸುವವಳು. ಅವಳ ಕೈಯಲ್ಲಿ ಶಾವಿಗೆ ಒಣಹಾಕುವ ಕೋಲು, ಕೋಲಿನ ಮೇಲೆ ಇಳಿಬಿದ್ದ ಶಾವಿಗೆ, ಶಾವಿಗೆಯ ಎಳೆಎಳೆಗೂ ಬೂದಿ.

"ನೋಡ್ರಿ ಸಾವ್ಕಾರ್ರೆ, ಇದನ್ನ ಯಾರಿಗೆ ಮಾರಬೇಕ್ರಿ? ನಾಯಿ ಮೂಸಂಗಿಲ್ಲ. ಹಬ್ಬ ಬಂತು, ಗುಡ್ಡೆ ತೆಗಸ್ತೀನಿ ಅಂದೋರು ತೆಗಿಸಿಲ್ಲ."

ಭಾವ ಗಂಭೀರವಾಗಿ ಬೋರ್ಡಿನ ಕಡೆ ಕೈ ತೋರಿಸಿದರು. "ಓದಾಕ ಬರ್ತೈತಿಲ್ಲ? ವಿಜ್ಞಾನದ ಕೆಲಸ ಅದು. ಲೋಕಕ್ಕೆ ಒಳ್ಳೇದಾಗೋ ಔಷಧ ಮಾಡ್ತಾರೆ. ಇಗ, ಮೇಡಮ್ಮಾರೇ ಬಂದಾರೆ, ಕೇಳ್ರಿ."

ಹಾಲಮ್ಮ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿದ್ದದ್ದು ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಬೇಸತ್ತ ನೋಟ. "ನೀವೇ ಏನ್ರಿ ಅವ್ರು? ನಿಮ್ಮ ಔಷಧ ಆಗೋದು ಯಾವಾಗ್ರಿ, ಹೇಳಿಬಿಡ್ರಿ. ಅಲ್ಲಿತನಕ ಕೂಸು ಕುನ್ನಿ ಕಟ್ಟಿಕೊಂಡು ಬ್ಯಾರೆ ಕಡೆ ಹೋಗಿ ಇರ್ತೀವಿ."

ಗೆಳೆಯರೇ, ಕಾಣದ ಅನಿಲವನ್ನು ಹಿಡಿಯಲು ಹೊರಟವಳ ಹೆಸರಿನಲ್ಲಿ, ಎಲ್ಲರಿಗೂ ಕಾಣುವ ಬೂದಿ ಬೀದಿಯ ಮೇಲೆಲ್ಲ ಸುರಿಯುತ್ತಿತ್ತು. ಒಳ್ಳೆಯ ಕೆಲಸಕ್ಕೆ ಇದಕ್ಕಿಂತ ಬೇರೆ ಶಾಪ ಬೇಕೆ? ಅದು ಕೆಡುವುದು ಶತ್ರುಗಳಿಂದಲ್ಲ. ಅದನ್ನು ಹೊಗಳುವವರಿಂದ, ಹೊಗಳಿ ಮುಂದೆ ನಿಲ್ಲಿಸಿಕೊಂಡು ಅದರ ಮರೆಯಲ್ಲಿ ಹಾಯಾಗಿ ಕೂರುವವರಿಂದ.

"ಅಮ್ಮಾ," ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. "ನನಗೆ ಬೇಕಾದದ್ದು ಒಂದು ಚೀಲ. ಅದೂ ವರ್ಷಕ್ಕೆ. ಈ ಗುಡ್ಡೆ ನನ್ನ ಜನ್ಮಕ್ಕೆ ಬೇಡ. ಇದನ್ನು ಇವತ್ತೇ ಎತ್ತಿಸಿದರೂ ನನ್ನ ಕೆಲಸಕ್ಕೆ ಏನೂ ಆಗುವುದಿಲ್ಲ."

ಭಾವನ ಮುಖದ ಬಣ್ಣ ಇಳಿಯಿತು. "ಮನೆ ಹೆಣ್ಮಗಳು ಓಣಿ ಮುಂದೆ ಹಿಂಗ ಮಾತಾಡೋದೇನು?" ಎಂದು ತಗ್ಗಿದ ದನಿಯಲ್ಲಿ ಗದರಿದರು. ನನಗೆ ಮೈಯೆಲ್ಲ ಉರಿಯಿತು. ನೇರ ಹೋಗಿ ಬೋರ್ಡಿನ ಕಂಬವನ್ನು ಹಿಡಿದು ಎಳೆದೆ. ಅದು ಅಲ್ಲಾಡಲಿಲ್ಲ. ಮತ್ತೆ ಎಳೆದೆ. ಬೋರ್ಡು ಮೊದಲಿಗಿಂತ ನೆಟ್ಟಗೆ ನಿಂತಂತೆ ಕಂಡಿತು. ಐವತ್ತರ ಹೊಸ್ತಿಲಿನ ಒಬ್ಬ ಉಪನ್ಯಾಸಕಿ ಕಬ್ಬಿಣದ ಕಂಬಕ್ಕೆ ಜೋತುಬಿದ್ದು ಏದುಸಿರು ಬಿಡುವುದನ್ನು ನೋಡಿ ಓಣಿಯ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆಗ ಶಾಂತಕ್ಕ ಬಂದಳು. ಯುಗಾದಿಗೆಂದು ಮನೆಗೆ ಸುಣ್ಣ ಹೊಡೆಸುತ್ತಿದ್ದರು. ಜಗಲಿಯ ಮೇಲೆ ಕಲಸಿಟ್ಟ ಸುಣ್ಣದ ಬಕೆಟ್ಟು ಇತ್ತು. ಮದುವೆಯಾದಂದಿನಿಂದ ಗಂಡನ ಮಾತಿಗೆ ಎದುರಾಡಿದ್ದನ್ನು ನಾನು ಕಾಣದ ನನ್ನ ಅಕ್ಕ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಸುಣ್ಣದ ಕುಂಚ ಹಿಡಿದು, ನಡುನಡುವೆ ನಿಂತು ಕೆಮ್ಮುತ್ತ, ಅಂಗಳ ದಾಟಿ ಬಂದಳು. "ಕೀಳೋದ್ಯಾಕ ಗಿರಿಜಿ, ಸರಿ ಆಕಡೆ. ಅಳಿಸಿದ್ರಾತು," ಎಂದಳು. ಕುಂಚವನ್ನು ಅದ್ದಿ, ಮೇಲಿಂದ ಕೆಳಕ್ಕೆ, ಗೋಡೆಗೆ ಹೊಡೆದಷ್ಟೇ ಅಚ್ಚುಕಟ್ಟಾಗಿ, ವಿಜ್ಞಾನವನ್ನೂ ಸಂಶೋಧನೆಯನ್ನೂ ನನ್ನ ಹೆಸರನ್ನೂ ಬಿಳಿಯ ಅಡಿಗೆ ಹಾಕಿದಳು.

"ಒಳಗೆ ನಡಿ, ಶಾಂತಾ," ಎಂದರು ಭಾವ.

"ನಡೀತೀನ್ರಿ," ಎಂದಳು ಅಕ್ಕ, "ಒಳಗಲ್ಲ. ನನಗೂ ಈ ಬೂದಿ ಸಾಕಾಗೈತೆ." ಕೈ ತೊಳೆದುಕೊಂಡು, ಮನೆಗೆ ಹೋಗಿ ಒಂದು ಚೀಲದಲ್ಲಿ ಸೀರೆ ತುಂಬಿಕೊಂಡು ಬಂದು, ನನ್ನ ಜೊತೆ ದಾವಣಗೆರೆಯ ಬಸ್ಸು ಹತ್ತಿದಳು. ಬೂದಿ ತರಲು ಹೋದವಳು ನಾನು ಅಕ್ಕನನ್ನು ಕರೆತಂದೆ. ದಾರಿಯುದ್ದಕ್ಕೂ ಅವಳ ಕೆಮ್ಮನ್ನು ಬಸ್ಸಿನ ಸದ್ದೂ ಮುಚ್ಚಲಿಲ್ಲ.

ಮನೆಯಲ್ಲಿ ಅತ್ತೆ ಏನೊಂದೂ ಕೇಳದೆ ಬಿಸಿನೀರು ಕೊಟ್ಟರು. ಡಾಕ್ಟರ ಮಾತು ಎತ್ತಿದರೆ ಮಾತ್ರ ಅಕ್ಕನದು ಅದೇ ಹಟ, ಹಬ್ಬ ಮುಗೀಲಿ ತಡಿ. ಹಬ್ಬ ಮುಗಿಯಿತು, ಬಿಸಿಲು ಇಳೀಲಿ ತಡಿ. ಅವಳಿಗೆ ಹೆದರಿಕೆ ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಒಬ್ಬಳೇ ಕೂತು ಬೇಸರಪಡುವಳೆಂದು ಒಂದು ಶನಿವಾರ ಕಾಲೇಜಿಗೆ ಕರೆದುಕೊಂಡು ಹೋದೆ. ಮಕ್ಕಳಿಗೆ ತೋರಿಸಲು ಸುಣ್ಣದ ತಿಳಿನೀರನ್ನು ಗಾಜಿನ ಕೊಳವೆಗಳಲ್ಲಿ ಇಟ್ಟಿದ್ದೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಸೋಕಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಆಟ. ಮೊದಲೇ ಏನನ್ನೂ ಹೇಳದೆ, ಊದು ನೋಡೋಣ ಎಂದು ಅಕ್ಕನ ಕೈಗೆ ಸ್ಟ್ರಾ ಕೊಟ್ಟೆ.

ಊದಿದಳು. ನೀರು ಮಸುಕಾಗಿ, ಬೆಳ್ಳಗಾಯಿತು. ಅಕ್ಕ ಸ್ಟ್ರಾ ಬಿಟ್ಟು ಹಿಂದೆ ಸರಿದಳು. ಮುಖ ಸಣ್ಣಗಾಗಿತ್ತು.

"ಇದು ನನ್ನ ಎದಿಯಾಗಿನ ಬೂದಿ ಏನೇ?"

ಅಲ್ಲ ಅಕ್ಕ, ಎಲ್ಲರ ಉಸಿರಿನಲ್ಲೂ ಇರುವಂಥದ್ದು, ಹುಟ್ಟಿದ ಕೂಸು ಊದಿದರೂ ಹೀಗೇ ಆಗುತ್ತದೆ ಎಂದು ಇನ್ನೊಂದು ಕೊಳವೆಯಲ್ಲಿ ನಾನು ಊದಿ ತೋರಿಸಿದೆ. ನನ್ನದೂ ಬೆಳ್ಳಗಾದ ಮೇಲೆ ಅವಳಿಗೆ ಜೀವ ಬಂತು. ಆಮೇಲೆ ನಡುವೆ ನನ್ನ ಪುಡಿ ತುಂಬಿದ ನಳಿಗೆಯನ್ನು ಜೋಡಿಸಿ ಮತ್ತೆ ಊದಿಸಿದೆ. ಗುಳ್ಳೆಗಳು ಎದ್ದವು, ನೀರು ತಿಳಿಯಾಗಿಯೇ ಉಳಿಯಿತು. ಪ್ರಾಂಶುಪಾಲರು, ಪತ್ರಿಕೆಯವರು ಯಾರೂ ಇಲ್ಲದ ಆ ಮಧ್ಯಾಹ್ನ ನನ್ನ ಪುಡಿ ಮೊದಲ ಸಲ ತಕರಾರಿಲ್ಲದೆ ಕೆಲಸ ಮಾಡಿತು. ಅಕ್ಕ ಪುಡಿಯ ನಳಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದಳು.

"ನಮ್ಮ ಗುಡ್ಡೆಯಾಗಿನ ಬೂದಿನೇ ಇದು?"

"ಅದೇ."

"ಇದು ನನ್ನ ಕೆಮ್ಮು ಹಿಡಿತೈತೇನು?"

"ಇಲ್ಲಕ್ಕ. ಇದಕ್ಕೆ ಅದು ಬರಲ್ಲ."

"ಹಂಗಾರೆ ಬರೋರ ಹತ್ರ ಕರಕೊಂಡು ಹೋಗು," ಎಂದು ಸೆರಗು ಸರಿಮಾಡಿಕೊಂಡು ಎದ್ದಳು.

ಡಾಕ್ಟರು ಎದೆಯ ಎಕ್ಸ್-ರೇ ತೆಗೆಸಿ, ಸದ್ಯಕ್ಕೆ ಕೆಟ್ಟದ್ದೇನೂ ಕಾಣುತ್ತಿಲ್ಲ, ಧೂಳಿನಿಂದ ಉಸಿರಿನ ನಾಳ ಕೆರಳಿದೆ, ಆದರೆ ಆ ಬೂದಿಯಲ್ಲೇ ಇದ್ದರೆ ಮುಂದೆ ಈ ಮಾತು ಹೇಳಲಾಗದು ಎಂದರು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದಿಷ್ಟು ಅತ್ತಳು. ಆಮೇಲೆ ಬೆಣ್ಣೆದೋಸೆ ತಿನ್ನೋಣ ನಡಿ ಎಂದಳು.

ಭಾವ ಬಂದದ್ದು ಅದಾದ ಮೇಲೆ. ಮುಖ ಊದಿಸಿಕೊಂಡು ಕುರ್ಚಿಯಲ್ಲಿ ಕೂತು, ಹೋಟೆಲಿನ ಊಟಕ್ಕೆ ಹೊಟ್ಟೆ ಕೆಟ್ಟಿತೆಂದು ಅತ್ತೆಯ ಮುಂದೆ ದೂರು ಹೇಳಿಕೊಂಡರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಗುಡ್ಡೆ ಹೋದ ಮ್ಯಾಲೆ ಬರ್ತೀನ್ರಿ," ಎಂದಳು. ಅದು ಮುಂದೆ ಚಿನ್ನವಾಗುತ್ತದೆಂದು ಭಾವ ಮತ್ತೆ ಶುರುಮಾಡಿದರು. ನಾನು ಉತ್ತರಿಸುವ ಗೋಜಿಗೆ ಹೋಗದೆ ಎಕ್ಸ್-ರೇಯನ್ನು ಅವರ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಇದರಾಗೆ ಬೂದಿ ಎಲ್ಲೈತೆ?"

"ಇನ್ನೂ ಇಲ್ಲ ಭಾವ. ಅದಕ್ಕೇ ಈಗ ಹೇಳ್ತಿರೋದು."

ಅವರು ಎಕ್ಸ್-ರೇಯನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟು ಹೊರಟರು. ಜೋರು ಮನುಷ್ಯ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಳ್ಳುವುದನ್ನು ನೋಡಿ ನನಗೆ ಮೊದಲ ಸಲ ಅವರ ಮೇಲೆ ಕನಿಕರ ಬಂತು.

ಇಲ್ಲಿಗೆ ಎಲ್ಲ ಸುಖಾಂತವಾಯಿತೆಂದು ತಿಳಿದಿರಾ? ನಾನೂ ಹಾಗೇ ತಿಳಿದೆ. ವಾರದೊಳಗೆ ಹಾಲಮ್ಮ ಅಕ್ಕನಿಗೆ ಫೋನು ಮಾಡಿ, ಗುಡ್ಡೆ ಕರಗುತ್ತಿದೆ, ಆದರೆ ಸಾವ್ಕಾರರ ಟ್ರ್ಯಾಕ್ಟರು ಕೊಕ್ಕನೂರಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳದಲ್ಲಿ ಅದನ್ನು ಸುರಿದು ಬರುತ್ತಿದೆ ಎಂದಳು. ನಾನು ತಲೆ ಚಚ್ಚಿಕೊಂಡೆ. ನಮ್ಮ ಕಣ್ಣಿಂದ ಮರೆಯಾದದ್ದು ಲೋಕದಿಂದಲೇ ಮಾಯವಾಯಿತೆಂದು ನಂಬುವ ಈ ಹಳೆಯ ರೋಗಕ್ಕೆ ಯಾವ ಎಕ್ಸ್-ರೇ ಇದೆ? ಚಿಮಣಿಯನ್ನು ಎತ್ತರಕ್ಕೆ ಕಟ್ಟಿ, ಹೊಗೆ ಹೋಯಿತು ಎಂದು ಅಂಗೈ ಒರೆಸಿಕೊಳ್ಳುವ ಊರುಗಳೆಲ್ಲ ಮಾಡುವುದೂ ಇದನ್ನೇ ಅಲ್ಲವೆ? ಅಕ್ಕ ಮಾತ್ರ ತತ್ವ ಹೇಳಲಿಲ್ಲ. ಗಂಡನಿಗೆ ಫೋನು ಹಚ್ಚಿ, "ಇನ್ನೊಬ್ಬರ ಹೊಲದ ಬಾಯಾಗೆ ಹಾಕಿದ್ರೆ ಹೋದಂಗಾತೇನ್ರಿ? ಅಲ್ಲಿಂದ ಎತ್ತಿಸಿದ ಮ್ಯಾಲೆ ಹೇಳ್ರಿ, ಬರ್ತೀನಿ," ಎಂದು ಇಟ್ಟುಬಿಟ್ಟಳು.

ಎತ್ತಿಸಿದರು. ಇಟ್ಟಿಗೆಯವರನ್ನು ಮತ್ತೆ ಕರೆಸಿ, ಅವರ ಗಾಡಿಗಳಿಗೆ ತಾಡಪಾಲು ಹೊದಿಸಿ ಕಳಿಸಿದರು. ಗಿರಣಿಯ ಹಿಂದೆ ಮಾಡು ಹಾಕಿ, ಮೂರು ಕಡೆ ಗೋಡೆ ಕಟ್ಟಿ, ಬೂದಿಗೆ ನೀರು ಚಿಮುಕಿಸಲು ಪೈಪು ಎಳೆಸಿದರು. ಹಾಲಮ್ಮನ ಆ ಬೇಸಿಗೆಯ ಶಾವಿಗೆ ಹೋದದ್ದು ಹೋಯಿತು. ಭಾವ ಮನೆಗೆ ಬೇಕೆಂದು ಅವಳಲ್ಲಿ ಹಪ್ಪಳ ಕೊಂಡರಂತೆ, ಅವಳು ಕೊಟ್ಟಳಂತೆ, ಆದರೆ ನಗಲಿಲ್ಲವಂತೆ. ಅಕ್ಕ ಮಳೆಗಾಲದ ಮೊದಲ ವಾರದಲ್ಲಿ ತನ್ನ ಮನೆಗೆ ಹೋದಳು. ನನ್ನ ಪುಡಿಯ ಬಗ್ಗೆ ಬರೆದು ಕಳಿಸಿದ ಲೇಖನ ವಾಪಸು ಬಂತು: ಎಲ್ಲ ಸರಿ, ಒಂದು ಪ್ರಯೋಗವನ್ನು ಹೊಸ ಬೂದಿಯಲ್ಲಿ ಮತ್ತೊಮ್ಮೆ ಮಾಡಿ ತೋರಿಸಿ ಎಂಬ ಟಿಪ್ಪಣಿಯೊಂದಿಗೆ. ಹಲ್ಲು ಕಚ್ಚಿ ಭಾವನಿಗೆ ಫೋನು ಮಾಡಿದೆ. ಒಂದು ಚೀಲ ಬೂದಿ ಬೇಕಿತ್ತು ಎಂದೆ.

"ಬೂದೀನಾ?" ಎಂದರು ಭಾವ. ಹಳೆಯ ಜೋರು ದನಿ ವಾಪಸು ಬಂದಿತ್ತು. "ಎಲ್ಲೈತಮ್ಮ ಗಿರಿಜಾ? ನಿನ್ನೆನೇ ಇಟ್ಟಂಗಿಯವ್ರು ಗುಡಿಸಿ ಒಯ್ದರು. ಮುಂಚೇನೇ ಹೇಳಬಾರದಾ? ಬರೋ ವಾರ ನೋಡನ, ಒಂದು ಚೀಲ ನಿನ್ನ ಹೆಸರಿಗೆ ತೆಗೆದಿಡ್ತೀನಿ. ಬೋರ್ಡು ಗೀರ್ಡು ಇಲ್ಲ ಮತ್ತೆ."

ಇಷ್ಟೆಲ್ಲ ಮಾಡಿ ಕಡೆಗೆ ನನಗೇ ಬೂದಿಯಿಲ್ಲ! ಆಚೆ ಕಡೆಯಲ್ಲಿ, ಭಾವನ ಹಿಂದೆ, ಶಾಂತಕ್ಕ ನಗುತ್ತಿದ್ದಳು. ಮಾತು ಮುಗಿದ ಮೇಲೂ ನಾನು ಫೋನು ಇಡಲಿಲ್ಲ, ಅವಳ ನಗು ಎಲ್ಲಿ ಕೆಮ್ಮಾಗಿ ಮುರಿಯುತ್ತದೋ ಎಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಅವಳು ನಕ್ಕಳು, ಇನ್ನಷ್ಟು ನಕ್ಕಳು, ಸಾಕಾಗಿ ತಾನೇ ನಿಲ್ಲಿಸಿದಳು.